ಬೋರಿನ ಗಾಡಿ ಬರುವ ಮುಂಚೆ

ಚಿರಂಜೀವಿಗೆ ಚಿತ್ರದುರ್ಗದಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹೊಸ ಮನೆಯ ಸೈಟಿನಲ್ಲಿ ಪಾಯಿಂಟ್ ತೋರಿಸಿದ್ದಾಯಿತು, ಇನ್ನೇನು ಬೋರಿನ ಗಾಡಿ ಬರುತ್ತದೆ ಎಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಗಾಡಿ ಬಂದು ನಿಂತ ಮೇಲೆ ಆ ಸದ್ದು, ಆ ಧೂಳಿನಲ್ಲಿ ಯಾರ ಮಾತೂ ಕಿವಿಗೆ ಬೀಳುವುದಿಲ್ಲ ಮಗಾ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಎಷ್ಟು ಅಡಿಗೆ ನಿಲ್ಲಿಸಬೇಕು ಅನ್ನುವುದನ್ನು ಸೊಸೆಯ ಜತೆ ಕೂತು ಇವತ್ತೇ ತೀರ್ಮಾನ ಮಾಡು. ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೋ. ಮುನ್ನೂರು ಅಡಿ ದಾಟಿತೆಂದರೆ ನೂರು ನೂರು ಅಡಿಗೂ ರೇಟು ಏರುತ್ತಾ ಹೋಗುತ್ತದೆ. 'ಇನ್ನೊಂದು ಐವತ್ತಡಿ ನೋಡೇ ಬಿಡೋಣ' ಅನ್ನುವ ಮಾತಿಗೆ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿವೆ. ನಮ್ಮದು ಗಟ್ಟಿ ಕಲ್ಲಿನ ನೆಲ. ಮೇಲೆ ಮಣ್ಣು, ಅದರಡಿ ಕೊಳೆತ ಕಲ್ಲು, ಆಮೇಲೆ ಇಡೀ ಬಂಡೆ. ಬಂಡೆಯೊಳಗೆ ಬಿರುಕಿದ್ದಲ್ಲಿ ಮಾತ್ರ ನೀರು. ಆಳಕ್ಕೆ ಹೋದಂತೆ ಆ ಬಿರುಕುಗಳೂ ಸಾಮಾನ್ಯವಾಗಿ ಕಮ್ಮಿಯಾಗುತ್ತವೆ. ತೆಂಗಿನಕಾಯಿ ಹಿಡಿದು ತೋರಿಸಿದ ಪಾಯಿಂಟಾದರೆ ಭೂವಿಜ್ಞಾನಿಯೊಬ್ಬರಿಂದ ನೆಲಕ್ಕೆ ಕರೆಂಟು ಹರಿಸಿ ಅಳೆಯುವ ಮೀಟರ್ ಇಡಿಸಿಯೂ ನೋಡು. ಅದಕ್ಕಿಂತ ಮೊದಲು ಅಕ್ಕಪಕ್ಕದ ಮನೆಯವರ ಬೋರು ಎಷ್ಟಡಿ, ಏಪ್ರಿಲ್–ಮೇನಲ್ಲಿ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿಕೊಂಡು ಬಾ. ನಾನು ನಂಬುವುದು ಆ ಲೆಕ್ಕವನ್ನೇ. ಶೌಚದ ಗುಂಡಿಯಿಂದ ಐವತ್ತಡಿಯಾದರೂ ದೂರವಿರಲಿ. ಅನುಮತಿ ವಿಚಾರವನ್ನು ಅಂತರ್ಜಲ ಇಲಾಖೆಯ ಕಚೇರಿಯಲ್ಲಿ ನೀನೇ ಹೋಗಿ ಕೇಳು, ಏಜೆಂಟರ ಬಾಯಿಮಾತಿಗೆ ಬಿಡಬೇಡ.

ಈಗ ಇಂಚಿನ ವಿಷಯ, ಇದನ್ನು ನಿಧಾನವಾಗಿ ಓದು. ಗಾಡಿಯವರು 'ಒಂದಿಂಚು ನೀರು', 'ಎರಡಿಂಚು ನೀರು' ಅನ್ನುವುದು ತಗಡಿನಲ್ಲಿ ಕೊರೆದ ವಿ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. ಎರಡಿಂಚೆಂದರೆ ಒಂದಿಂಚಿನ ಎರಡರಷ್ಟು ಎಂದು ಜನ ತಿಳಿದಿದ್ದಾರೆ. ಲೆಕ್ಕ ಹಾಗಿಲ್ಲ. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚಿಗೆ ಸುಮಾರು 2,900 ಲೀಟರ್, ಅಂದರೆ ಐದೂವರೆ ಪಟ್ಟಿಗೂ ಹೆಚ್ಚು. ಇನ್ನು ನಿನ್ನ ಮನೆಯ ಖರ್ಚು ನೋಡು. ತಲೆಗೆ ದಿನಕ್ಕೆ 135 ಲೀಟರಿನಂತೆ ಹಿಡಿದರೂ ಐದು ಜನಕ್ಕೆ 675 ಲೀಟರ್. ಒಂದಿಂಚು ನೀರು ಬಿದ್ದರೂ ಒಂದೂವರೆ ಗಂಟೆಯಲ್ಲಿ ಅಷ್ಟಾಯಿತು! ಬೇಸಿಗೆಯಲ್ಲಿ ಅದು ಅರ್ಧಕ್ಕಿಳಿದರೂ ಮೂರು ಗಂಟೆ. ನೀನೇನು ಅಡಿಕೆ ತೋಟ ಮಾಡುತ್ತಿಲ್ಲ. ಇನ್ನೂರೈವತ್ತು ಅಡಿಯಲ್ಲಿ ಒಂದಿಂಚು ಸಿಕ್ಕಿತೋ, ಕೈಮುಗಿದು ಅಲ್ಲಿಗೇ ನಿಲ್ಲಿಸು.

ಉಳಿದ ದುಡ್ಡನ್ನು ಕೇಸಿಂಗಿಗೆ, ಅಂದರೆ ಮೇಲಿನ ಮಣ್ಣು ಬೋರಿನೊಳಗೆ ಜಾರದಂತೆ ಇಳಿಸುವ ಪೈಪಿಗೆ ಹಾಕು. ಕೇಸಿಂಗ್ ಪೈಪು ಕೊಳೆತ ಕಲ್ಲನ್ನು ಪೂರ್ತಿ ದಾಟಿ ಗಟ್ಟಿ ಬಂಡೆಯೊಳಗೆ ಒಂದೆರಡು ಅಡಿ ಕೂರಬೇಕು. ಅಲ್ಲಿ ಎರಡು ಪೈಪು ಉಳಿಸಿದರೆ ಮಣ್ಣು ಜಾರಿ ಮೋಟರೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎತ್ತಲೂ ಆಗುವುದಿಲ್ಲ. ನೆಲದ ಮೇಲೆ ಒಂದಡಿಯಾದರೂ ಪೈಪು ನಿಲ್ಲಲಿ, ಸುತ್ತ ಸಿಮೆಂಟ್ ಕಟ್ಟೆ ಹಾಕಿಸು.

ಮೋಟರು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ, ಕೇಳಬೇಡ. ಬೋರು ಕೊಡುವುದಕ್ಕಿಂತ ಹೆಚ್ಚು ಎಳೆದರೆ ನೀರು ಕೆಳಗಿಳಿದು ಮೋಟರು ಒಣಗಿ ಓಡುತ್ತದೆ. ಮೈಯ ಸುತ್ತ ಹರಿಯುವ ನೀರೇ ಅದಕ್ಕೆ ತಂಪು. ಆ ನೀರಿಲ್ಲದಿದ್ದರೆ ಸುಟ್ಟಿತೆಂದೇ ಲೆಕ್ಕ. ತಳಕ್ಕೆ ಮುಟ್ಟಿಸದೆ ಇಪ್ಪತ್ತು–ಮೂವತ್ತು ಅಡಿ ಮೇಲೆ ಇಳಿಬಿಡಿಸು. ನೀರು ತಪ್ಪಿದಾಗ ತಾನೇ ಆಫ್ ಆಗುವ ಪ್ಯಾನೆಲ್ ಬೋರ್ಡ್ ಹಾಕಿಸು. ಎಷ್ಟಡಿ ಕೇಸಿಂಗ್, ನೀರು ಸಿಕ್ಕಿದ್ದೆಲ್ಲಿ, ಮೋಟರ್ ಎಷ್ಟಡಿಗಿದೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡು.

ಕುಡಿಯುವ ಮುಂಚೆ ನೀರನ್ನು ಪರೀಕ್ಷೆಗೆ ಕೊಡು. ಇದರಲ್ಲಿ ನನ್ನಿಂದ ರಿಯಾಯಿತಿ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಒಂದೂವರೆ. ಅದರ ಮೇಲಿದ್ದರೆ ಕುಡಿಯಲು ಬೇಡ. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಾಢವಾಗುತ್ತದೆ. ಹಲ್ಲು ಮೂಡುವ ವಯಸ್ಸಿನ ಮಗು ಮನೆಯಲ್ಲಿದೆ, ನೆನಪಿರಲಿ.

ಇನ್ನು ನೆಲಕ್ಕೆ ವಾಪಸು ಕೊಡುವ ಮಾತು. ಸಾವಿರ ಚದರಡಿ ತಾರಸಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 46,000 ಲೀಟರ್. ನಿನ್ನ ಮನೆಯ ಎರಡು ತಿಂಗಳ ನೀರು ಅದು, ಹಿಡಿಯದಿದ್ದರೆ ಮೋರಿಗೆ ಹೋಗುತ್ತದೆ. ಮೊದಲ ಮಳೆಯ ಕೊಳೆ ಹೊರಬಿಟ್ಟು, ಜಲ್ಲಿ–ಮರಳಿನ ಗುಂಡಿಯಲ್ಲಿ ಸೋಸಿ ಇಂಗಿಸು. ಅಂಗಳದ ನೀರು, ಬಚ್ಚಲ ನೀರು ಅತ್ತ ಸುಳಿಯಕೂಡದು. ನಮ್ಮ ಊರಿನ ಭೂವಿಜ್ಞಾನಿ ಎನ್. ಜೆ. ದೇವರಾಜ ರೆಡ್ಡಿಯವರು ಬೋರಿನ ಮರುಪೂರಣಕ್ಕೇ ಹೆಸರಾದವರು. ಮಾಡಿಸಿಕೊಂಡವರ ಮನೆ ಹುಡುಕಿ ನೋಡಿಕೊಂಡು ಬಾ. ಕೋಟೆಯ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ ಎಂದು ಒಂದರಿಂದೊಂದಕ್ಕೆ ಇಳಿಸಿಕೊಂಡು ಬಂದ ಊರು ಇದು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಮಳೆಯ ವರ್ಷವನ್ನು ನೆಚ್ಚಿ ಲೆಕ್ಕ ಹಾಕಬೇಡ.

ನೀರು ಬೀಳದೆ ಹೋದರೆ, ಗಾಡಿ ಸೈಟು ಬಿಡುವ ಮುಂಚೆಯೇ ಆ ಗುಂಡಿಯನ್ನು ಮಣ್ಣು, ಜಲ್ಲಿ ಹಾಕಿ ತಳದಿಂದ ನೆಲದ ಮಟ್ಟದವರೆಗೆ ತುಂಬಿಸು. ಗೋಣಿಚೀಲ, ಚಪ್ಪಡಿ ಮುಚ್ಚಿ ಬಂದೆ ಅಂದರೆ ನಾನು ಒಪ್ಪುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹೇಳಿದೆ. ನಮ್ಮ ಕರ್ನಾಟಕದಲ್ಲೇ ಎಷ್ಟು ಮಕ್ಕಳು ಅಂಥ ಗುಂಡಿಗೆ ಬಿದ್ದು ಹೋದವು. ಗಾಡಿಯವರಿಗೆ ಪೂರ್ತಿ ದುಡ್ಡು ಕೊಡುವುದು ಗುಂಡಿ ತುಂಬಿದ ಮೇಲೆಯೇ ಎಂದು ಮೊದಲೇ ಮಾತಾಡಿಕೋ. ದಿನ ಗೊತ್ತಾದ ಕೂಡಲೇ ತಿಳಿಸು, ನಾನೂ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ