‘ಲಿಹಾಫ್’ ಓದಿದ ಪುಟ್ಟಿಗೆ

ಧಾರವಾಡ

ಚಿ. ಪುಟ್ಟಿಗೆ ದೊಡ್ಡವ್ವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಇಸ್ಮತ್ ಚುಗ್ತಾಯಿ ಬರೆದ ‘ಲಿಹಾಫ್’ ಎಂಬ ಉರ್ದು ಕತೆಯ ಬಗ್ಗೆ ಕೇಳಿದೆ. ಗೆಳತಿಯರೆಲ್ಲ ಹಾಡಿ ಹೊಗಳುತ್ತಾರೆ, ನನಗೆ ಮಾತ್ರ ಅದರಲ್ಲಿನ ನವಾಬನ ಹೆಂಡತಿ ಬೇಗಂ ಜಾನ್ ಮೇಲೆ ಸಿಟ್ಟು ಬಂತು, ನಾನೇನು ಹಳೇ ಕಾಲದವಳಾ ಅಂದೆ. ಕುಕ್ಕರ್ ಕೂಗುತ್ತಿತ್ತು, ಆಮೇಲೆ ಹೇಳ್ತೀನಿ ಅಂತ ನಾನು ಇಟ್ಟುಬಿಟ್ಟೆ.

ಆ ಸಿಟ್ಟನ್ನು ಯಾರಿಗೋ ಹೆದರಿ ನುಂಗಿಕೊಳ್ಳಬೇಡ.

1942ರಲ್ಲಿ ಅಚ್ಚಾದ ಕತೆ ಅದು. ಲಾಹೋರಿನಲ್ಲಿ ಅಶ್ಲೀಲತೆಯ ಕೇಸು ಬಿತ್ತು, ಇಸ್ಮತ್ ಚುಗ್ತಾಯಿ ಮುಂಬಯಿಯಿಂದ ಅಲ್ಲಿಯವರೆಗೆ ಹೋಗಿ ನಿಲ್ಲಬೇಕಾಯಿತು. ಇನ್ನೊಬ್ಬ ಉರ್ದು ಕತೆಗಾರ ಮಂಟೋ ಮೇಲೂ ಕೇಸಿತ್ತು, ಇಬ್ಬರೂ ಜೊತೆಗೇ ಅಲೆದರು. ಕೆಟ್ಟ ಮಾತು ಎಲ್ಲಿದೆ ತೋರಿಸಿ ಅಂದರೆ ಸಾಕ್ಷಿಗೆ ಸಿಕ್ಕಿದ್ದು ‘ಆಶಿಕ್’, ಅಂದರೆ ಪ್ರೇಮಿ, ಎಂಬ ಒಂದು ಶಬ್ದ! ಕೇಸು ನಿಲ್ಲಲಿಲ್ಲ. ಕತೆಯ ನವಾಬನನ್ನು ನೋಡು: ಹಜ್ ಮಾಡಿಬಂದವನು, ನಾಚ್‌ವಾಲಿಯರ ಸಹವಾಸವಿಲ್ಲದ ಸಂಭಾವಿತ. ಮನೆ ತುಂಬ ಮಾತ್ರ ತೆಳು ನಡುವಿನ, ಬೆಳ್ಳಗಿನ ಹುಡುಗರು. ಗಲಾಟೆಯೆಲ್ಲ ಎದ್ದದ್ದು ಅವನ ಹೆಂಗಸು ಬೇಗಂ ಜಾನ್ ಕೆಲಸದವಳು ರಬ್ಬೊಳ ಜೊತೆ ಹೊದ್ದ ಲಿಹಾಫಿನ ಬಗ್ಗೆ.

ಲಿಹಾಫ್ ಅಂದರೆ ನಮ್ಮ ಕೌದಿಯಲ್ಲ. ಕೌದಿ ಹಳೇ ಸೀರೆ ಜೋಡಿಸಿ ಹೊಲಿದದ್ದು, ಮೈಗೆ ಅಂಟಿಕೊಂಡು ಬೀಳುತ್ತದೆ. ಲಿಹಾಫಿಗೆ ಹತ್ತಿ ತುಂಬಿರುತ್ತದೆ, ಉಬ್ಬಿ ನಿಲ್ಲುತ್ತದೆ. ಅದಕ್ಕೇ ಗೋಡೆಯ ಮೇಲಿನ ನೆರಳು ಆ ಹುಡುಗಿಗೆ ಆನೆಯಾಗಿ ಕಂಡದ್ದು.

ಹುಡುಗಿ ಅಂದೆನಲ್ಲ, ಕತೆ ಹೇಳುವವಳು ಅವಳೇ. ರಬ್ಬೊ ತನ್ನ ಮಗನನ್ನು ನೋಡಲು ಹೋದಾಗ ಬೇಗಂ ಜಾನ್ ಈ ಮಗುವನ್ನು ಹತ್ತಿರ ಎಳೆದುಕೊಂಡು ಪಕ್ಕೆಲುಬು ಎಣಿಸುತ್ತಾಳೆ. ಮುಖ ಬೆವರಿದೆ, ಕೈ ಮಂಜಿನಷ್ಟು ತಣ್ಣಗಿದೆ. ಮಗುವಿಗೆ ಓಡಿಹೋಗಬೇಕು ಅನ್ನಿಸುತ್ತದೆ. ಅಂದು ಅಶ್ಲೀಲ ಅಂದವರೂ ಇಂದು ಭೇಷ್ ಅನ್ನುವವರಲ್ಲಿ ಬಹಳ ಮಂದಿಯೂ ಈ ಪುಟವನ್ನು ದಾಟಿ ಹೋಗುತ್ತಾರೆ. ನೀನು ಅಲ್ಲೇ ನಿಂತೆ. ಬೇಗಂ ಜಾನ್ ರಬ್ಬೊಳನ್ನು ಬಯಸಿದ್ದಕ್ಕೆ ನಿನಗೆ ಸಿಟ್ಟೋ, ಮಗುವನ್ನು ಮುಟ್ಟಿದ್ದಕ್ಕೋ? ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ. ಗಂಡ ತಿರುಗಿಯೂ ನೋಡದ ಹೆಂಗಸಿನ ಬಗ್ಗೆ ನನಗೆ ಕನಿಕರ ಉಂಟು. ಆ ತಣ್ಣಗಿನ ಕೈ ಮಾತ್ರ ಸಹಿಸಲಾರೆ.

ಇಷ್ಟು ಹೇಳುವ ನಾನೇನು ದೊಡ್ಡ ಓದುಗಾರ್ತಿಯಲ್ಲ. ಪಾಠ ಮಾಡುತ್ತಿದ್ದಾಗ ಒಬ್ಬಳು ವಿದ್ಯಾರ್ಥಿನಿ ಇದೇ ಕತೆ ಹಿಡಿದು ಬಂದು, “ಮೇಡಂ, ಇಂಥವರು ನಿಜವಾಗಲೂ ಇರ್ತಾರಾ?” ಅಂದಳು. “ಪರೀಕ್ಷೆಗಿಲ್ಲ, ಬಿಡು” ಅಂದೆ. ಅವಳು ಕತೆಯ ಬಗ್ಗೆಯಷ್ಟೇ ಕೇಳುತ್ತಿದ್ದಳೋ, ತನ್ನ ಬಗ್ಗೆಯೋ, ನಾನು ವಿಚಾರಿಸಲಿಲ್ಲ. ಆಮೇಲೆ ಅವಳು ನನ್ನ ಹತ್ತಿರ ಏನನ್ನೂ ಕೇಳಲಿಲ್ಲ.

ನಿನ್ನ ಗೆಳತಿಯರ ಜೊತೆ ಜಗಳಕ್ಕೆ ಹೋಗಬೇಡ. ಅವರಲ್ಲಿ ಯಾರಿಗೆ ಈ ಕತೆ ಯಾಕೆ ಬೇಕಾಗಿದೆಯೋ ನಿನಗೆ ಗೊತ್ತಿಲ್ಲ. ಪಕ್ಕೆಲುಬಿನ ಪುಟ ತೆಗೆದು ಓದಿ ಹೇಳು, ಅವರು ಏನನ್ನುತ್ತಾರೋ ಕೇಳಿಸಿಕೋ.

ಗಂಡಸನ್ನು ಬಯಸುವ ಗಂಡಸಿನ ಕತೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ ನನ್ನ ಕಪಾಟಿನಲ್ಲಿದೆ, 2013ರದ್ದು. ದಸರಾ ರಜೆಗೆ ಬಂದಾಗ ಒಯ್ಯಿ. ಪುಟದ ಅಂಚಿಗೆ ಪೆನ್ಸಿಲ್‌ನಲ್ಲಿ ಗೀಚಿದ್ದೇನೆ, ಅದನ್ನು ಓದಬೇಡ.

ನಿನ್ನ
ದೊಡ್ಡವ್ವ