ಬುಧವಾರಗಳಲ್ಲಿ ಜೊತೆಯಾದವರಿಗೆ

ನನ್ನ ಮಗ ಕುಡಿತ ಬಿಟ್ಟು ಮೊನ್ನೆ ಬುಧವಾರಕ್ಕೆ ಒಂದು ವರ್ಷವಾಯಿತು. ಇದನ್ನು ಬರೆಯಲು ಅವನೇ ಒಪ್ಪಿದ್ದಾನೆ. ಮುಂಬೈಯ ಮಾಹಿಮ್‌ನ ಸಂತ ಮೈಕಲರ ಚರ್ಚಿನಲ್ಲಿ ಕೃತಜ್ಞತೆಯ ಚೀಟಿ ಹಾಕಿ ಬಂದೆ. ದೇವಮಾತೆಗೆ ಹೇಳಿದ್ದಾಯಿತು, ನಿಮಗೆ ಹೇಳುವುದು ಬಾಕಿ ಇತ್ತು.

ಡೊಂಬಿವಲಿಯಿಂದ ದಾದರ್. ಅಲ್ಲಿ ಸೇತುವೆ ದಾಟಿ ಸ್ಲೋ ಲೋಕಲ್ ಹಿಡಿದು ಮಾಹಿಮ್. ಹತ್ತಿರ ಹತ್ತಿರ ನಾಲ್ಕು ವರ್ಷ ಹೀಗೆ ಹೋದೆ. ನಿತ್ಯ ಸಹಾಯ ಮಾತೆ ಅಂತ ಕರೆಯುವ ಮರಿಯಮ್ಮನ ನೊವೇನಾ, ಅಂದರೆ ಒಂಬತ್ತು ಸಲ ಮಾಡುವ ಪ್ರಾರ್ಥನೆ, ಅಲ್ಲಿ 1948ರಿಂದ ಪ್ರತಿ ಬುಧವಾರ ನಡೆಯುತ್ತಿದೆ. ಒಂಬತ್ತು ವಾರ ಹೋಗುವುದು ರೂಢಿ. ನನ್ನ ಒಂಬತ್ತು ವಾರ ಮುಗಿದಾಗ ಮಗ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದ್ದ. ಮತ್ತೆ ಒಂದರಿಂದ ಎಣಿಸಿದೆ. ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಆ ಮಾತೆಯ ಚಿತ್ರ ನೀವು ನೋಡಿರಬಹುದು. ಬಾಲಯೇಸು ಹೆದರಿ ತಾಯಿಯ ಕೈ ಹಿಡಿದಿದ್ದಾನೆ. ಒಂದು ಕಾಲಿನ ಚಪ್ಪಲಿ ಕಳಚಿ ನೇತಾಡುತ್ತಿದೆ. ಒಂದು ಮಂಗಳವಾರ ರಾತ್ರಿ ನನ್ನ ಮಗ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಮರುದಿನ ಆ ಚಿತ್ರದ ಚಪ್ಪಲಿಯನ್ನೇ ನೋಡುತ್ತ ನಿಂತೆ. ನಮೋ ಮರಿಯಾ ಪ್ರಾರ್ಥನೆ ಕೂಡ ಬಾಯಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ಏನೂ ಕೇಳದೆ ತಮ್ಮ ಮೇಣದಬತ್ತಿಯನ್ನು ನನ್ನ ಕೈಗಿಟ್ಟರು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ಮೊದಲ ನಮಸ್ಕಾರ ಅವರಿಗೇ.

ನಮ್ಮ ಫಾದರ್ ಸಂತ ಮೋನಿಕಳ ಕತೆ ಹೇಳಿದ್ದರು. ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತು ಬೇಡಿದ ತಾಯಿ. 387ರಲ್ಲಿ ಅವನಿಗೆ ದೀಕ್ಷಾಸ್ನಾನವಾಗಿ ಕ್ರೈಸ್ತನಾದ. ಅದೇ ವರ್ಷ ಆಕೆ ತೀರಿಕೊಂಡಳು. ಅದನ್ನು ಕೇಳಿ ನನಗೆ ಭಯವೇ ಆಯಿತು. ಹಾಗಂತ ಹೇಳಿಬಿಟ್ಟೆ. ಫಾದರ್ ಬೈಯಲಿಲ್ಲ. ಕುಡಿತಕ್ಕೆ ಸಿಕ್ಕವರ ಮನೆಯವರು ಸೇರುವ ಅಲ್-ಅನಾನ್ ಸಭೆಯ ವಿಳಾಸ ಬರೆದುಕೊಟ್ಟರು. ಫಾದರ್, ಆ ಚೀಟಿ ಇನ್ನೂ ನನ್ನ ಬೈಬಲ್‌ನಲ್ಲಿದೆ.

ಅವನ ಸಾಲ ನಾನು ತೀರಿಸಬಾರದು, ಅವನ ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳಬಾರದು ಅಂತ ಕಲಿತದ್ದು ಅಲ್ಲಿ. ಬೈಬಲ್‌ನಲ್ಲಿ ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ನ್ಯಾಯ ಬೇಡುತ್ತಲೇ ಇರುವ ಒಬ್ಬ ವಿಧವೆ ಬರುತ್ತಾಳಲ್ವಾ? ನಾನೂ ವಿಧವೆ, ಆ ಭಾಗ ಎಷ್ಟೋ ಸಲ ಓದಿದ್ದೆ. ಅವಳು ಪ್ರತಿಸಲವೂ ಎದ್ದು ನ್ಯಾಯಾಧೀಶನ ಹತ್ತಿರ ಹೋಗುತ್ತಿದ್ದಳು ಅನ್ನುವುದು ಆಗ ಕಣ್ಣಿಗೆ ಬಿತ್ತು. 'ಅವನ ಕುಡಿತ ಬಿಡಿಸು ತಾಯೇ' ಅನ್ನುತ್ತಿದ್ದವಳು 'ದುಡ್ಡು ಕೊಡಲ್ಲ ಅನ್ನುವ ಗಟ್ಟಿತನ ನನಗೆ ಕೊಡು' ಅಂತಲೂ ಬೇಡತೊಡಗಿದೆ. ಅದು ತುಂಬ ಕಷ್ಟದ ಪ್ರಾರ್ಥನೆ. ಮಗ ತಿಂಗಳುಗಟ್ಟಲೆ ಮಾತು ಬಿಟ್ಟ.

ಕೊನೆಗೆ ಒಂದು ಬೆಳಿಗ್ಗೆ, 'ಅಮ್ಮ, ನನ್ನಿಂದ ಆಗ್ತಿಲ್ಲ' ಅಂದ. ಅವತ್ತೇ ಅವನನ್ನು ಕುಡಿತ ಬಿಡಬೇಕೆನ್ನುವವರು ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗೆ ಕರೆದೊಯ್ದ ಅಣ್ಣ, ರಾತ್ರಿ ಎರಡು ಗಂಟೆಗೂ ಅವನ ಫೋನ್ ಎತ್ತಿದಿರಿ. ಪಕ್ಕದ ಮನೆಯ ಹುಬ್ಬಳ್ಳಿ ಅಕ್ಕ, ಬುಧವಾರ ನಾನು ಬರುವಷ್ಟರಲ್ಲಿ ರೊಟ್ಟಿ ಬಡಿದಿಟ್ಟಿರುತ್ತಿದ್ದಿರಿ. ನಿಮ್ಮ ಶಿವನ ಮುಂದೆಯೂ ನನ್ನ ಮಗನ ಹೆಸರು ಹೇಳಿದಿರಿ. ಇದನ್ನೆಲ್ಲ ನಾನು ಮರೆಯಲಾರೆ.

ಮೊನ್ನೆ ಮಗನೂ ಮಾಹಿಮ್‌ಗೆ ಜೊತೆಗೆ ಬಂದಿದ್ದ. ಮುಂದಿನ ಬುಧವಾರವೂ ಹೋಗುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ನೋವಿದ್ದರೆ ಒಂದು ಹೆಸರು ಕಳಿಸಿ ಸಾಕು. ಚೀಟಿಯಲ್ಲಿ ಬರೆದು ಹಾಕುತ್ತೇನೆ.