‘ಉನ್’ ಇದೆಯಾ ನೋಡು

ಅಪ್ಪ, ಅಮ್ಮ,

ಫೋನಲ್ಲಿ ಹೇಳಿದರೆ ಅಪ್ಪ ಅರ್ಧಕ್ಕೇ ಸಿಟ್ಟಾಗಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಲ್ಯಾಬ್ ಬಿಟ್ಟು ಆಫೀಸ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಯೂನಿವರ್ಸಿಟಿಯಲ್ಲೇ. ಹೌದು ಅಪ್ಪ, ಮೂವತ್ತು ವರ್ಷ ಎಫ್‌ಡಿಎ ಆಗಿದ್ದು "ನನ್ನ ಮಗಳಿಗೆ ಈ ಫೈಲಿನ ಸಹವಾಸ ಬೇಡ" ಅಂದಿದ್ದಿರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ.

ಯಾಕೆ ಅಂತ ಕೇಳಿ. ಜರ್ಮನಿಯಲ್ಲಿ ಯೂನಿವರ್ಸಿಟಿ ಕೆಲಸದ ಜಾಹೀರಾತು ಬಂದರೆ ನಾನು ಹುದ್ದೆಯ ಹೆಸರನ್ನೂ ಆಮೇಲೇ ಓದೋದು, ಮೊದಲು ಒಂದು ಪದ ಹುಡುಕುತ್ತೇನೆ. ‘ಬೆಫ್ರಿಸ್ಟೆಟ್’ ಅಂದರೆ ಇಷ್ಟು ದಿನಕ್ಕೆ ಮಾತ್ರ. ಅದರ ಮುಂದೆ ‘ಉನ್’ ಸೇರಿದರೆ ಕಾಯಂ. ಸಂಶೋಧನೆ ಹುದ್ದೆಗಳಲ್ಲಿ ಆ ‘ಉನ್’ ಸಿಗೋದೇ ಅಪರೂಪ. 2007ರ ಕಾನೂನೊಂದಿದೆ, ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ತುಂಡು ತುಂಡು ಕಾಂಟ್ರ್ಯಾಕ್ಟ್ ಕೊಡಬಹುದು, ಅದು ಮುಗಿದ ಮೇಲೆ ಯಾವುದಾದರೂ ಪ್ರಾಜೆಕ್ಟಿನ ದುಡ್ಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದೆಲ್ಲ ಒಳ್ಳೆಯದಕ್ಕೇ ಅಂತ ಸರ್ಕಾರ ‘ಹನ್ನಾ’ ಅನ್ನೋ ಕಾರ್ಟೂನ್ ಹುಡುಗಿಯನ್ನಿಟ್ಟು ಒಂದು ವಿಡಿಯೋ ಮಾಡಿತ್ತು. 2021ರಲ್ಲಿ ಇಲ್ಲಿನ ಸಂಶೋಧಕರೆಲ್ಲ "ನಾನೇ ಹನ್ನಾ" ಅಂತ ಟ್ವಿಟರ್‌ನಲ್ಲಿ ತಿರುಗಿಬಿದ್ದರು.

ನನಗೆ ನಾಲ್ಕು ವರ್ಷದಲ್ಲಿ ಐದು ಕಾಂಟ್ರ್ಯಾಕ್ಟ್. ಒಂದಂತೂ ಮೂರೇ ತಿಂಗಳದ್ದು, ವೀಸಾ ಕಚೇರಿಯಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಅದೇ ಮುಗಿಯೋಕೆ ಬಂದಿತ್ತು. ಸಂಬಳ ಒಂದು ಬಿಟ್ಟರೆ, ನಮ್ಮ ಅತಿಥಿ ಉಪನ್ಯಾಸಕರ ಪಾಡೇ.

ಸಂಬಳ ಇಲ್ಲಿ ಗುಟ್ಟಲ್ಲ, ದರ್ಜೆ ಪ್ರಕಾರ ಪಟ್ಟಿ ಇರುತ್ತದೆ. ನಮ್ಮಂಥ ಸಂಶೋಧಕರದ್ದು 13ನೇ ದರ್ಜೆ, ಅದಕ್ಕೆ ಹೊಸದಾಗಿ ಸೇರಿದವರಿಗೆ 2025ರ ಪಟ್ಟಿಯಲ್ಲಿ ತಿಂಗಳಿಗೆ 4,629 ಯೂರೋ, ತೆರಿಗೆ ವಿಮೆ ಹಿಡಿಯೋಕೆ ಮುಂಚೆ. ಪಿಎಚ್‌ಡಿ ಮಾಡುವವರನ್ನೂ ಇದೇ ದರ್ಜೆಗೆ ತಗೊಳ್ಳುತ್ತಾರೆ, ಆದರೆ ಎಷ್ಟೋ ಕಡೆ 65% ಹುದ್ದೆ ಅಂತ ಬರೆದಿರುತ್ತಾರೆ. ಸಂಬಳ 65%, ಕೆಲಸ ಮಾತ್ರ ಪೂರ್ತಿ! ನಾನು ನೋಡಿರೋದು ಪ್ರಾಜೆಕ್ಟುಗಳ ಅರ್ಜಿ, ಲೆಕ್ಕ, ವರದಿ ನೋಡಿಕೊಳ್ಳೋ ಹುದ್ದೆ. ಅದೂ 13ನೇ ದರ್ಜೆ. ಜೊತೆಗೆ ‘ಉನ್’ ಇದೆ.

ಹೋದ ತಿಂಗಳು ಬೇರೆ ಕಡೆ ಇಂಥದ್ದೇ ಇಂಟರ್‌ವ್ಯೂಗೆ ಹೋಗಿದ್ದೆ. ಐದು ಜನ ಕೂತಿದ್ದರು. ಅದರಲ್ಲೊಬ್ಬರು ಕೆಲಸದ ಬಗ್ಗೆ ಏನೂ ಕೇಳಲಿಲ್ಲ, ಹೆಂಗಸರಿಗೆ ಅನ್ಯಾಯ ಆಗದ ಹಾಗೆ ನೋಡೋದೇ ಅವರ ಕೆಲಸವಂತೆ, ಸುಮ್ನೆ ಬರೆದುಕೊಳ್ಳುತ್ತಾ ಕೂತಿದ್ದರು. ಕೆಲಸ ಸಿಗಲಿಲ್ಲ ಬಿಡಿ, ಲೆಕ್ಕಪತ್ರದ ಜರ್ಮನ್‌ನಲ್ಲಿ ತಡವರಿಸಿದೆ.

ಈಗ ಅರ್ಜಿ ಹಾಕುತ್ತಿರೋ ಹುದ್ದೆ ಇರೋದು ಟ್ಯೂಬಿಂಗೆನ್‌ನಲ್ಲಿ. ಅಪ್ಪನ ಮೇಜಿನ ಮೇಲಿದೆಯಲ್ಲ ಕಿಟೆಲ್ ನಿಘಂಟು, ಆ ಕಿಟೆಲ್ 1903ರಲ್ಲಿ ತೀರಿಕೊಂಡಿದ್ದು ಅದೇ ಊರಲ್ಲಿ. ಇದನ್ನು ಕೇಳಿದರಾದರೂ ಅಪ್ಪನ ಸಿಟ್ಟು ಸ್ವಲ್ಪ ಇಳಿಯಬಹುದು ಅಂತ ಬರೆದೆ.

ಅಮ್ಮ, ಬೀರುವಿನ ಕೆಳಗಿನ ಖಾನೆಯಲ್ಲಿ ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡ್ ಇವೆ, ಆರೂ ಸೆಮಿಸ್ಟರಿಂದು. ಸ್ಕ್ಯಾನ್ ಮಾಡಿಸಿ ಭಾನುವಾರದ ಒಳಗೆ ಕಳಿಸು, ಎಲ್ಲಾ ಸೇರಿಸಿ ಒಂದೇ ಪಿಡಿಎಫ್ ಕೇಳಿದ್ದಾರೆ. ಆ ಅಂಗಡಿಯವನು ಲ್ಯಾಮಿನೇಷನ್ ಮಾಡ್ತೀನಿ ಅಂದರೆ ಬೇಡ ಅನ್ನು, ಹತ್ತನೇ ಕ್ಲಾಸಿಂದು ಹಾಗೇ ಹಾಳಾಗಿದ್ದು.

ನಿಮ್ಮ,
ಪುಟ್ಟಿ